ಎಷ್ಟಕ್ಕೆ ಹನ್ನೊಂದು

2003ನೇ ಇಸವಿ ಸೆಪ್ಟೆಂಬರ್ 9, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಅಂಜಮ್ಮ ಆ ದಿನದ ತೊಂಬತ್ತೇಳನೆಯ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸುತ್ತಿದ್ದರು. ಕನ್ನಡಕ ಹಣೆಯ ಮೇಲಿತ್ತು. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟು ಒಳಗೆ ಬಂದ ಸದ್ದಾಯಿತು. ಅವರು ತಲೆಯೆತ್ತಲಿಲ್ಲ. ಎಣಿಕೆಯ ಮಧ್ಯೆ ತಲೆಯೆತ್ತುವುದು ಅವರ ಅಭ್ಯಾಸವಲ್ಲ.

ಅದು ಮುಳಬಾಗಿಲಿನಲ್ಲಿ ಶ್ರೀನಿವಾಸಪುರದ ರಸ್ತೆಗೆ ಮುಖಮಾಡಿದ್ದ ಒಂದು ಸಹಕಾರಿ ಬಿತ್ತನೆ ಕೋಠಿ. ರೈತರಿಗೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಜಾಗ. ಒಂದೇ ಉದ್ದನೆಯ ಹಜಾರ. ಒಂದು ತುದಿಯ ಕಿಟಕಿಯ ಬಳಿ ಎರಡು ಸೂಕ್ಷ್ಮದರ್ಶಕ, ನಡುವೆ ಮೊಟ್ಟೆ ಹಾಳೆಗಳ ಕಪಾಟು, ಇನ್ನೊಂದು ತುದಿಯಲ್ಲಿ ರೈತರು ನಿಲ್ಲುವ ಕಟಕಟೆ. ಎರಡನೆಯ ಸೂಕ್ಷ್ಮದರ್ಶಕದ ಮುಂದೆ ನಾನು ಕೂರುತ್ತಿದ್ದೆ.

ಹೆಣ್ಣು ಚಿಟ್ಟೆ ಕಾಗದದ ಹಾಳೆಯಲ್ಲಿ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಮೇಲೆ ಹಾಕಿ ನೋಡಬೇಕು. ಅಕ್ಕಿಕಾಳಿನ ಆಕಾರದ, ಹೊಳೆಯುವ ಕಣಗಳು ಕಂಡರೆ ಅದು ಗಂಟುರೋಗ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಒಂದು ಮರಿಯಿಂದ ಇಡೀ ಮನೆಗೆ ಹರಡುವ ರೋಗ. ಮದ್ದಿಲ್ಲ. ಮೊಟ್ಟೆಗಳನ್ನು ಮರಿಯೊಡೆಯುವ ಮೊದಲೇ ಸುಡುವುದೊಂದೇ ದಾರಿ. ಮೊಟ್ಟೆ ಇಟ್ಟ ದಿನದಿಂದ ಹತ್ತನೆಯ ದಿನ ಮರಿಯೊಡೆಯುತ್ತದೆ. ಹಾಗಾಗಿ ಕೋಠಿಯಲ್ಲಿ ಎಲ್ಲ ಕೆಲಸವೂ ಹತ್ತು ದಿನದ ಲೆಕ್ಕದಲ್ಲಿ ನಡೆಯುತ್ತಿತ್ತು. ಒಟ್ಟಿಗೆ ತಯಾರಾದ ಮೊಟ್ಟೆಗಳ ಒಂದೊಂದು ಗುಂಪಿಗೂ ಒಂದು ಸಂಖ್ಯೆ; ಆ ಗುಂಪಿಗೆ ಲಾಟ್ ಎನ್ನುತ್ತಿದ್ದೆವು.

ಅಂಜಮ್ಮ ಕೊನೆಯ ಸ್ಲೈಡ್ ತೆಗೆದಿಟ್ಟು, ಹಜಾರದ ಆ ತುದಿಗೂ ಕೇಳುವಂತೆ ಹೇಳಿದರು: "ಲಾಟ್ ಮುನ್ನೂರ ಹದಿನೆಂಟು. ನೋಡಿದ್ದು ನೂರು. ರೋಗ ಮೂರು."

ಬಂದಿದ್ದವರು ಬೆಚ್ಚಿದರು. ನಲವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಹೆಸರು ಮುರಳಿಮೋಹನ್. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಪ್ರತಿನಿಧಿ.

"ಇದೇನ್ ಸಾರ್, ರೋಗ ಇದೆ ಅಂತ ಗಿರಾಕಿಗಳ ಮುಂದೇನೇ ಕೂಗ್ತಾರೆ?" ಎಂದು ಅವರು ಕೋಠಿಯ ಅಧ್ಯಕ್ಷರನ್ನು ಕೇಳಿದರು.

ಅಧ್ಯಕ್ಷರು ಕೋದಂಡರಾಮಪ್ಪ, ನಿವೃತ್ತ ಹೆಡ್‌ಮೇಷ್ಟ್ರು. ನಕ್ಕು ಗೋಡೆ ತೋರಿಸಿದರು. ಅಲ್ಲಿ ಅವರದೇ ಕೈಬರಹದ ಹಲಗೆ ಇತ್ತು: ರೋಗದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳತಕ್ಕದ್ದು. ಸತತ ಮೂರು ದಿನ ಸೊನ್ನೆ ಹೇಳಿದವರ ಸ್ಲೈಡುಗಳನ್ನು ಇನ್ನೊಬ್ಬರು ಮತ್ತೆ ನೋಡತಕ್ಕದ್ದು.

"ಸೊನ್ನೆ ಅನ್ನೋನು ಸರಿಯಾಗಿ ನೋಡಿಲ್ಲ ಅಂತ ಅರ್ಥ ಸಾರ್ ನಮ್ಮಲ್ಲಿ. ತಪ್ಪು ಸಿಗೋದು ನೋಡಿದ್ದಕ್ಕೆ ಸಾಕ್ಷಿ."

ಮುರಳಿಮೋಹನ್ ತಲೆದೂಗಿದರು. ಜೇಬಿನಿಂದ ಸಣ್ಣ ಡೈರಿ ತೆಗೆದು ಏನೋ ಬರೆದುಕೊಂಡರು. ಆಮೇಲೆ ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ತಿರುಗಿ, "ಇದರಲ್ಲಿರೋದು ಯಾರ ಸಾಫ್ಟ್‌ವೇರು?" ಎಂದರು. ಅವರು ಡೈರಿಯಲ್ಲಿ ಬರೆದದ್ದೇನೆಂದು ನನಗೆ ತಿಳಿದದ್ದು ಎರಡೂವರೆ ತಿಂಗಳ ನಂತರ.

ಅಂಜಮ್ಮ ಬೈರಕೂರಿನ ಪಕ್ಕದ ಒಂದು ಹಳ್ಳಿಯವರು. ತಂದೆಗೆ ರಾಗಿ ಹೊಲ, ಅಂಚಿನಲ್ಲಿ ಹಿಪ್ಪುನೇರಳೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೆರಡು ಅಂಕ ಬಂದು ಫೇಲಾದರು. ಇದನ್ನು ಅವರು ಯಾರೂ ಕೇಳದೆಯೇ ಹೇಳುತ್ತಿದ್ದರು, "ಮೂರು ಕಮ್ಮಿ ಆಯ್ತು" ಎಂದು. ಹತ್ತೊಂಬತ್ತನೇ ವಯಸ್ಸಿಗೆ ಗೂಡು ಕತ್ತರಿಸುವ ಕೆಲಸಕ್ಕೆ ಕೋಠಿಗೆ ಬಂದವರು, ಗೂಡಿನೊಳಗಿನ ಹುಳು ಗಂಡೋ ಹೆಣ್ಣೋ ಎಂದು ವಿಂಗಡಿಸುವುದನ್ನು ಕಲಿತು, ಆರನೆಯ ವರ್ಷಕ್ಕೆ ಸೂಕ್ಷ್ಮದರ್ಶಕದ ಮುಂದೆ ಕೂತರು. ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಹೋದವನು. ಮೊದಲ ತಿಂಗಳು ನಾನು ರೋಗವೆಂದದ್ದರಲ್ಲಿ ಅರ್ಧ ಬರೀ ಕೊಬ್ಬಿನ ಹನಿಗಳಾಗಿದ್ದವು. "ಕೊಬ್ಬು ಸುಮ್ನೆ ಕೂತಿರುತ್ತೆ ಕಣಪ್ಪ. ರೋಗ ಕುಣಿಯುತ್ತೆ. ಒಂದು ನಿಮಿಷ ತಾಳ್ಮೆ ತಗೊಂಡು ನೋಡು," ಎಂದು ಅವರೇ ತಿದ್ದಿದರು. ಹೊಸ ಸ್ಲೈಡ್ ಪೆಟ್ಟಿಗೆ ಬಂದಾಗಲೆಲ್ಲ ಕುರುಡುಮಲೆಗೆ ಹೋಗಿ ಗಣಪತಿಗೆ ಒಂದು ಕಾಯಿ ಒಡೆಸಿ, ಅದರ ಅರ್ಧ ಹೋಳನ್ನು ನನ್ನ ಮೇಜಿನ ಮೇಲಿಡುತ್ತಿದ್ದರು.

ಕಂಪ್ಯೂಟರನ್ನು ತಂದವರು ಕದಿರೇಶ. ಕೋಲಾರದ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಬೋಧಕರು, ಅಂಜಮ್ಮನ ಅಕ್ಕನ ಅಳಿಯ. 2001ರ ಫೆಬ್ರವರಿಯಲ್ಲಿ ಒಂದು ಹಳೆಯ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿ, ಅದರ ಮೇಲೆ ನಮ್ಮ ಕೆಲಸಕ್ಕೆ ಬೇಕಾದ ಪುಟ್ಟ ಪ್ರೋಗ್ರಾಮನ್ನು ತಾವೇ ಬರೆದುಕೊಟ್ಟರು. ಯಾವ ರೈತನ ಗೂಡಿನಿಂದ ಬಂದ ಚಿಟ್ಟೆ, ಯಾವ ಲಾಟ್, ಎಷ್ಟು ನೋಡಿದ್ದು, ಎಷ್ಟು ರೋಗ, ಆ ಲಾಟಿನ ಮೊಟ್ಟೆ ಯಾರ ಮನೆಗೆ ಹೋಗಿದೆ, ಇಷ್ಟನ್ನು ಅದು ನೆನಪಿಡುತ್ತಿತ್ತು. ರೋಗ ಮಿತಿ ಮೀರಿದರೆ ಲಾಟನ್ನು ತಡೆಹಿಡಿದು, ಎಚ್ಚರಿಸಬೇಕಾದವರ ಪಟ್ಟಿ ಕೊಡುತ್ತಿತ್ತು. ಮೊದಲು ಎರಡು ದಿನ ಹಿಡಿಯುತ್ತಿದ್ದ ಹುಡುಕಾಟ ನಾಲ್ಕು ನಿಮಿಷಕ್ಕೆ ಇಳಿಯಿತು.

ಆ ಪ್ರೋಗ್ರಾಮನ್ನು ಕದಿರೇಶ ಕಾಗದದ ಮೇಲೂ ಮುದ್ರಿಸಿ, ನಲವತ್ತೊಂದು ಪುಟಗಳನ್ನು ಹೊಲಿಸಿ, ಕಟಕಟೆಯ ಮೇಲೆ ರಿಜಿಸ್ಟರಿನ ಪಕ್ಕದಲ್ಲಿಟ್ಟರು. ಯಾವ ಸಾಲು ಏನು ಮಾಡುತ್ತದೆಂದು ಅಂಚಿನಲ್ಲಿ ಕನ್ನಡದಲ್ಲಿ ಬರೆದಿದ್ದರು. ನಮ್ಮಲ್ಲಿ ರೈತರು ರಿಜಿಸ್ಟರು ತೆರೆದು ನೋಡುವುದು, ಬೇಕೆನಿಸಿದರೆ ಸೂಕ್ಷ್ಮದರ್ಶಕದಲ್ಲೂ ಕಣ್ಣಿಡುವುದು ಮೊದಲಿನಿಂದ ಇದ್ದ ರೂಢಿ. "ಇದೂ ಹಂಗೇನೇ. ಯಾರು ಬೇಕಾದ್ರೂ ನೋಡ್ಲಿ, ತಪ್ಪಿದ್ರೆ ಹೇಳ್ಲಿ. ಹಿಂಗಿರೋ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಅಂತಾರೆ," ಎಂದರು ಕದಿರೇಶ. ಅಂಜಮ್ಮನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇನ್ನು ಹೇಗೆ ಇಟ್ಟಾರು ಎಂಬಂತೆ ನೋಡಿದರು.

ತಪ್ಪು ಸಿಕ್ಕಾಗಲೆಲ್ಲ ಅಂಜಮ್ಮ ಆ ಹೊತ್ತಗೆಯ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದರು. ಕದಿರೇಶ ಸರಿಪಡಿಸಿ ಪಕ್ಕದಲ್ಲಿ ಸಹಿ ಮಾಡಿದರು. ಇವುಗಳಲ್ಲಿ ಏಳನೆಯದನ್ನು ವಿವರಿಸಲೇಬೇಕು. ನಮ್ಮ ಕೋಠಿಯಲ್ಲಿ ಲಾಟ್ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುವುದು ಜನವರಿಯಲ್ಲಿ ಅಲ್ಲ, ಯುಗಾದಿಗೆ. ಕೋಠಿ ಯುಗಾದಿಯ ದಿನ ಬಾಗಿಲು ತೆರೆದದ್ದರಿಂದ ಬಂದ ರೂಢಿ ಅದು. ಕದಿರೇಶ ಇದನ್ನು ತಿಳಿಯದೆ ಜನವರಿಯಿಂದ ಡಿಸೆಂಬರ್‌ವರೆಗೆ ಒಂದು ವರ್ಷವೆಂದು ಬರೆದಿದ್ದರು. ಹಾಗಾಗಿ ವರ್ಷದ ಆರಂಭದಲ್ಲಿ ಬಂದ ಸಂಖ್ಯೆಗಳೇ ಅದೇ ವರ್ಷದ ಕೊನೆಯಲ್ಲಿ ಮತ್ತೆ ಬಂದಾಗ, ಯಂತ್ರ ಹಳೆಯ ಲಾಟನ್ನೇ ತೋರಿಸಿತು. ಹತ್ತು ತಿಂಗಳು ಸರಿಯಾಗಿ ನಡೆದ ಪ್ರೋಗ್ರಾಮು 2001ರ ಡಿಸೆಂಬರಿನ ಒಂದು ಬೆಳಿಗ್ಗೆ ಸುಳ್ಳು ಹೇಳಿತು. ಅಂಜಮ್ಮ ಅದೇ ದಿನ ಹಿಡಿದರು. ಹೊತ್ತಗೆಯಲ್ಲಿ ಆ ಸಾಲು ಹದಿನೇಳನೆಯ ಪುಟದಲ್ಲಿ ಸಿಕ್ಕಿತು. ಮಧ್ಯಾಹ್ನದೊಳಗೆ ಸರಿಹೋಯಿತು.

ಮುರಳಿಮೋಹನ್ ಬಂದುಹೋದ ಮೂರನೆಯ ವಾರ ಅಧ್ಯಕ್ಷರ ಹೆಸರಿಗೆ ಒಂದು ಪತ್ರ ಬಂತು. ಕಳಿಸಿದವರ ಹೆಸರಿರಲಿಲ್ಲ. ಉಚಿತವಾಗಿ ಸಿಗುವ ತಂತ್ರಾಂಶಗಳಲ್ಲಿ ಕದ್ದ ಭಾಗಗಳಿವೆಯೆಂದೂ, ಮೊಕದ್ದಮೆ ಹೂಡಿದರೆ ಬಳಸಿದವರೂ ಹೊಣೆಯಾಗುವರೆಂದೂ, ಸಹಿ ಮಾಡಿದ ಅಧ್ಯಕ್ಷರು ಮೊದಲು ಉತ್ತರ ಕೊಡಬೇಕಾದೀತೆಂದೂ ಅದರಲ್ಲಿತ್ತು. ಕೋದಂಡರಾಮಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ದಿನಕ್ಕೆ ನಾಲ್ಕು ಸಲ ಹೊರತೆಗೆದು ಓದಿದರು.

ಆಮೇಲೆ ಕರಪತ್ರ ಬಂತು. ಬಣ್ಣದ ನುಣುಪು ಕಾಗದ. 'ಉಚಿತ ತಂತ್ರಾಂಶ: ರೇಷ್ಮೆ ಬೆಳೆಗಾರರೇ, ಎಚ್ಚರ.' ಒಳಗುಟ್ಟು ಎಲ್ಲರಿಗೂ ಕಾಣುವುದರಿಂದ ಯಾರು ಬೇಕಾದರೂ ನಿಮ್ಮ ದಾಖಲೆ ತಿದ್ದಬಹುದು, ಕೆಟ್ಟರೆ ಕೇಳುವವರಿಲ್ಲ, ಕೋಲಾರ ಜಿಲ್ಲೆಯ ಇನ್ನೂರ ಹನ್ನೆರಡು ಸಂಸ್ಥೆಗಳ ಸಮೀಕ್ಷೆಯಲ್ಲಿ ಮೂರರಲ್ಲಿ ಒಂದು ದಾಖಲೆ ಕಳೆದುಕೊಂಡಿದೆ, ಹೀಗೆ.

ಕದಿರೇಶ ಅದನ್ನೋದಿ, "ಜಿಲ್ಲೇಲಿ ಲಿನಕ್ಸ್ ಇಟ್ಕೊಂಡಿರೋ ಜಾಗ ನಂಗೆ ಗೊತ್ತಿರೋದು ಆರು. ಇನ್ನೂರ ಹನ್ನೆರಡು ಎಲ್ಲಿಂದ ತಂದ್ರು ಚಿಕ್ಕಮ್ಮ?" ಎಂದರು. ಮರುವಾರ ಮಾಲೂರಿನ ಒಂದು ಹಾಲಿನ ಸಂಘದಿಂದ ಇನ್ನೊಂದು ಕರಪತ್ರ ತಂದರು. ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಸಾಲಿಗೆ ಸಾಲು ಕೂಡಿತು, ಚಿತ್ರಕ್ಕೆ ಚಿತ್ರ ಕೂಡಿತು. ರೇಷ್ಮೆ ಎಂದಿದ್ದ ಕಡೆ ಹಾಲು ಎಂದಿತ್ತು. ಸಂಸ್ಥೆಗಳು ಅಲ್ಲಿಯೂ ಇನ್ನೂರ ಹನ್ನೆರಡೇ.

ನಮ್ಮನ್ನು ನೋಡಿ ಬರೆದ ಕಾಗದ ಅದಲ್ಲ. ಎಲ್ಲೋ ಮೊದಲೇ ಅಚ್ಚಾಗಿ, ಖಾಲಿ ಬಿಟ್ಟ ಜಾಗದಲ್ಲಿ ನಮ್ಮ ಹೆಸರು ತುಂಬಿಕೊಂಡು ಬಂದಿತ್ತು.

2003ರ ನವೆಂಬರ್ 22, ಶನಿವಾರ, ಕೋಲಾರದ ಒಂದು ಹೋಟೆಲಿನ ಸಭಾಂಗಣದಲ್ಲಿ ಕಂಪನಿಯವರ 'ಮಾಹಿತಿ ಶಿಬಿರ' ನಡೆಯಿತು. ಮೊಟ್ಟೆ ತಯಾರಕರು, ರೈತರು, ಹಾಲಿನ ಸಂಘದವರು ಸೇರಿ ನೂರೈವತ್ತು ಜನ. ಕೋದಂಡರಾಮಪ್ಪ ನಮ್ಮಿಬ್ಬರನ್ನೂ ಕದಿರೇಶರನ್ನೂ ಕರೆದುಕೊಂಡು ಹೋಗಿದ್ದರು. ಮುರಳಿಮೋಹನ್ ಒಂದು ಗಂಟೆ ಮಾತಾಡಿದರು. ಧ್ವನಿ ಮೃದು, ಎಲ್ಲಿಯೂ ಯಾರನ್ನೂ ಬೈಯಲಿಲ್ಲ. ಕೊನೆಗೆ ಜೇಬಿನಿಂದ ಆ ಸಣ್ಣ ಡೈರಿ ತೆಗೆದರು.

"ಮುಳಬಾಗಿಲಿನ ಕೋಠಿಯವರು ಬಂದಿದ್ದಾರೆ. ಅವರಲ್ಲಿ ಒಂದು ಒಳ್ಳೆ ಪದ್ಧತಿ ಇದೆ, ರೋಗ ಎಷ್ಟು ಅಂತ ಎಲ್ಲರ ಮುಂದೆ ಹೇಳ್ತಾರೆ. ಅಂಜಮ್ಮನವರೇ, ನಿಮ್ಮನ್ನ ಕೇಳ್ತೀನಿ. ನಿಮ್ಮ ಆ ಫ್ರೀ ಸಾಫ್ಟ್‌ವೇರ್‌ನಲ್ಲಿ ಇದುವರೆಗೆ ಎಷ್ಟು ತಪ್ಪು ಸಿಕ್ಕಿದೆ?"

ಅಂಜಮ್ಮ ಎದ್ದರು. ಕದಿರೇಶ ಅವರ ಸೆರಗು ಹಿಡಿದೆಳೆದು, "ಚಿಕ್ಕಮ್ಮ, ಕೂತ್ಕೊಳಿ. ಉತ್ತರ ಕೊಡ್ಬೇಡಿ," ಎಂದು ಪಿಸುಗುಟ್ಟಿದರು. ಅವರು ಸೋಜಿಗದಿಂದ ನೋಡಿದರು. ಸಂಖ್ಯೆ ಕೇಳಿದ್ದಾರೆ. ಸಂಖ್ಯೆ ಗೊತ್ತಿದೆ. ಹೇಳದೆ ಇರುವುದು ಹೇಗೆ?

"ಮೂವತ್ಮೂರು ತಿಂಗಳು," ಎಂದರು, ಹಜಾರದ ಆ ತುದಿಗೆ ಹೇಳುವ ಧ್ವನಿಯಲ್ಲೇ. "ದಾಖಲು ಮಾಡಿರೋ ಸ್ಲೈಡು ಒಂದು ಲಕ್ಷದ ಹದಿನೆಂಟು ಸಾವಿರದ ನಾನ್ನೂರ ಅರವತ್ತು. ತಪ್ಪು ಹನ್ನೊಂದು. ಹನ್ನೊಂದೂ ಸಿಕ್ಕವೆ, ಹನ್ನೊಂದೂ ಸರಿ ಮಾಡಿದೀವಿ."

"ಹನ್ನೊಂದು," ಎಂದರು ಮುರಳಿಮೋಹನ್. ಸಭೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು, "ಹನ್ನೊಂದು. ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಕ್ಕೆ ಚಪ್ಪಾಳೆ ಕೊಡಿ."

ಜನ ಚಪ್ಪಾಳೆ ತಟ್ಟಿದರು. ಅಂಜಮ್ಮನೂ ಕೈಮುಗಿದು ಕೂತರು.

ಡಿಸೆಂಬರಿನ ಕರಪತ್ರದಲ್ಲಿ 'ಬಳಸುವವರೇ ಒಪ್ಪಿದ ಹನ್ನೊಂದು ತಪ್ಪುಗಳು' ಎಂದಿತ್ತು. ಸಂಕ್ರಾಂತಿಯ ಹೊತ್ತಿನದರಲ್ಲಿ 'ಮುಳಬಾಗಿಲು ಕೋಠಿಯ ಪರೀಕ್ಷಕರೇ ಒಪ್ಪಿದಂತೆ, ನೂರಕ್ಕೆ ಹನ್ನೊಂದು ತಪ್ಪು' ಎಂದಾಯಿತು. ನಾನು ಬೆರಳಿಟ್ಟು ಎರಡು ಸಲ ಓದಿದೆ. ಅಂಜಮ್ಮ ಹೇಳಿದ ಅನುಪಾತಕ್ಕಿಂತ ಇದು ಸುಮಾರು ಸಾವಿರದ ಇನ್ನೂರು ಪಟ್ಟು ದೊಡ್ಡದು.

ರಾಯಲ್ಪಾಡಿನ ಚನ್ನರಾಯಪ್ಪ ಆ ಕಾಗದ ಹಿಡಿದು ಕಟಕಟೆಗೆ ಬಂದರು. ಹನ್ನೆರಡು ವರ್ಷದಿಂದ ನಮ್ಮಲ್ಲೇ ಮೊಟ್ಟೆ ಒಯ್ಯುತ್ತಿದ್ದವರು. ಬಂದಾಗಲೆಲ್ಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, "ನಂಗೇನೂ ಕಾಣ್ಸಲ್ಲಮ್ಮೋ, ಬರೀ ಗಂಜಿ," ಎಂದು ನಗುತ್ತಿದ್ದವರು. ಆವತ್ತು ನಗಲಿಲ್ಲ.

"ನೂಟಿಕಿ ಪದಕೊಂಡಾ, ಅಮ್ಮಾ?" ಎಂದರು, ತೆಲುಗಿನಲ್ಲಿ. ನೂರಕ್ಕೆ ಹನ್ನೊಂದೇ?

"ನಾನು ಹಂಗೆ ಹೇಳಿಲ್ಲ ಚನ್ನರಾಯಪ್ಪ."

"ಹನ್ನೊಂದು ಅಂದಿದ್ದು ನೀನೇ ತಾನೆ? ನಮ್ಮೂರೋರು ಇಬ್ರು ಅವತ್ತು ಅಲ್ಲೇ ಇದ್ರಂತೆ. ಕಿವಿಯಾರೆ ಕೇಳವ್ರೆ."

"ಹನ್ನೊಂದು ಅಂದೆ. ಅದು..."

"ಮತ್ತಿನ್ನೇನು," ಎಂದು ಅವರು ಕಾಗದ ಮಡಚಿದರು. ಕಟಕಟೆಯಲ್ಲಿ ಇನ್ನೂ ಐದಾರು ಮಂದಿ ಇದ್ದರು. ಒಬ್ಬೊಬ್ಬರೇ ನೆಲ ನೋಡಿದರು.

2004ರ ಜನವರಿ ಕೊನೆಗೆ ಕೋದಂಡರಾಮಪ್ಪ ಕಂಪನಿಯ ಸಾಫ್ಟ್‌ವೇರ್ ಪ್ಯಾಕೇಜಿಗೆ ಸಹಿ ಹಾಕಿದರು. ಅವರು ಕೆಟ್ಟವರಲ್ಲ. ಹೆಸರಿಲ್ಲದ ಪತ್ರ ಅವರ ನಿದ್ದೆ ಕೆಡಿಸಿತ್ತು, ರೈತರು ಬೇರೆ ಕೋಠಿಗಳ ಕಡೆ ತಿರುಗುತ್ತಿದ್ದರು. ಅದೇ ತಿಂಗಳು ಕದಿರೇಶರ ಪಾಲಿಟೆಕ್ನಿಕ್ಕಿಗೂ, ನಿಮ್ಮ ಬೋಧಕರು ಪರವಾನಗಿಯಿಲ್ಲದ ತಂತ್ರಾಂಶ ಹಂಚುತ್ತಿದ್ದಾರೆಂದು ಒಂದು ಪತ್ರ ಹೋಗಿತ್ತು. ಕದಿರೇಶ ನಮ್ಮ ಕಡೆ ಬರುವುದು ನಿಂತಿತು.

ಹೊಸ ಯಂತ್ರ ಬಂತು. ಅದರ ಹಿಂಬದಿಗೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಬೀಗ. ಅದನ್ನು ಕಿತ್ತರೆ ಪ್ಯಾಕೇಜು ಓಡುವುದಿಲ್ಲ. ಜನವರಿ ಒಂದರಿಂದ ಈಚಿನ ಲಾಟುಗಳನ್ನು ಕಂಪನಿಯವರೇ ಅದಕ್ಕೆ ತುಂಬಿದರು. ಯಂತ್ರಕ್ಕೆ ಧೂಳು ಆಗದೆಂದು ಹಜಾರದ ನಡುವೆ ಗಾಜಿನ ಗೋಡೆ ಎದ್ದಿತು. ಅದರಾಚೆ ಕಂಪನಿಯಲ್ಲಿ ತರಬೇತಿ ಪಡೆದ ನೌಕರರು, ಈಚೆ ನಾವಿಬ್ಬರು. ಸಂಖ್ಯೆಯನ್ನು ಇನ್ನು ಮುಂದೆ ಚೀಟಿಯಲ್ಲಿ ಬರೆದು ಕಿಂಡಿಯಲ್ಲಿ ಹಾಕಬೇಕಿತ್ತು. ಅಂಜಮ್ಮ ಚೀಟಿಯನ್ನೂ ಬರೆದರು, ಗಟ್ಟಿಯಾಗಿಯೂ ಹೇಳಿದರು. ಗಾಜಿನಾಚೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಯಂತ್ರ ಕೂರಿಸಿದ ದಿನ ಅವರು ಮುರಳಿಮೋಹನ್‌ರನ್ನು ಕೇಳಿದರು: "ಇದರ ತಪ್ಪಿನ ಪಟ್ಟಿ ಎಲ್ಲೈತೆ ಸಾರ್?"

"ಇದರಲ್ಲಿ ತಪ್ಪಿಲ್ಲಮ್ಮ."

"ಸೊನ್ನೆನಾ?"

"ಸೊನ್ನೆ."

ಅಂಜಮ್ಮ ಗೋಡೆಯ ಕಡೆ ನೋಡಿದರು. ಗಾಜು ಕೂರಿಸುವಾಗ ಆ ಹಲಗೆಯನ್ನು ತೆಗೆದಿದ್ದರು. ಅದರ ಆಕಾರದ ಬಿಳಿ ಚೌಕ ಮಾತ್ರ ಉಳಿದಿತ್ತು.

"ಯುಗಾದಿಗೆ ನಮ್ಮ ನಂಬರು ಮತ್ತೆ ಒಂದರಿಂದ ಶುರುವಾಗುತ್ತೆ. ಇದಕ್ಕೆ ಗೊತ್ತಾ?"

"ಅದೆಲ್ಲ ಒಳಗಿನ ವಿಷಯ. ನೀವು ತಲೆಕೆಡಿಸ್ಕೋಬೇಡಿ."

ಅವರು ತಲೆಕೆಡಿಸಿಕೊಂಡರು. ಸ್ಲೈಡುಗಳ ನಡುವೆ ಕಾಗದದ ತುಂಡಿನಲ್ಲಿ ಲೆಕ್ಕ ಹಾಕಿದರು. ಹೊಸ ಯಂತ್ರದಲ್ಲಿದ್ದ ಮೊದಲ ಲಾಟ್ ನಾನೂರ ಎಂಬತ್ತೆಂಟು, ಜನವರಿಯದು. ಯುಗಾದಿಯಿಂದ ಮತ್ತೆ ಎಣಿಕೆ ಶುರುವಾದರೆ, ವಾರಕ್ಕೆ ಹದಿಮೂರು ಲಾಟಿನಂತೆ, ಆ ಸಂಖ್ಯೆ ಮತ್ತೆ ಬರುವುದು ಡಿಸೆಂಬರಿನ ಮೊದಲ ವಾರ. ಏಳನೆಯ ತಪ್ಪು ಇದರಲ್ಲೂ ಇದ್ದರೆ ಅಲ್ಲಿಯವರೆಗೆ ಸುಮ್ಮನಿರುತ್ತದೆ. ಒಂದು ಸುಳ್ಳು ಲಾಟ್ ಹಾಕಿ ಪರೀಕ್ಷಿಸೋಣವೆಂದರೆ, ಹಾಕಿದ್ದನ್ನು ತೆಗೆಯುವ ಅಧಿಕಾರ ಕಂಪನಿಗೆ ಮಾತ್ರ. ರೋಗದ ದಾಖಲೆಯಲ್ಲಿ ಸುಳ್ಳು ನಮೂದು ಉಳಿದರೆ ಕೋಠಿಯ ಲೈಸೆನ್ಸಿಗೇ ಸಂಚಕಾರ. ಇದಕ್ಕೂ ಅಂಥದೊಂದು ಹೊತ್ತಗೆ ಇದ್ದಿದ್ದರೆ ಆ ಒಂದು ಪುಟ ತೆರೆದರೆ ಸಾಕಿತ್ತು. ಇದಕ್ಕೆ ಪುಟಗಳೇ ಇರಲಿಲ್ಲ.

ಆಗಸ್ಟಿನಲ್ಲಿ ನನ್ನಿಂದ ಕಂಪನಿಗೆ ಒಂದು ಪತ್ರ ಬರೆಸಿದರು. ಉತ್ತರ ಎರಡು ಸಾಲು: ಈ ಬಗ್ಗೆ ಇದುವರೆಗೆ ಯಾವ ಗ್ರಾಹಕರಿಂದಲೂ ದೂರು ಬಂದಿಲ್ಲ. ಧನ್ಯವಾದಗಳು.

"ಮೇಷ್ಟ್ರೇ, ಡಿಸೆಂಬರಿಗೆ ಒಂದು ತಿಂಗಳು ಹಳೇ ಯಂತ್ರಾನೂ ಪಕ್ಕದಲ್ಲಿ ಇಟ್ಕೊಳ್ಳೋಣ," ಎಂದು ಅಕ್ಟೋಬರಿನಲ್ಲಿ ಕೋದಂಡರಾಮಪ್ಪರನ್ನು ಕೇಳಿಕೊಂಡರು.

"ಅದರ ಹೆಸರು ಎತ್ಬೇಡ ಅಂಜಮ್ಮ. ರೇಷ್ಮೆ ಇಲಾಖೆಯೋರು ಬಂದಾಗ ಅದಿಲ್ಲಿದ್ರೆ ನಾನೇನು ಹೇಳ್ಲಿ? ನೂರಕ್ಕೆ ಹನ್ನೊಂದು ತಪ್ಪು ಇರೋದನ್ನ ಯಾಕಿಟ್ಕೊಂಡಿದೀರಿ ಅಂದ್ರೆ?"

"ನೂರಕ್ಕೆ ಅಂತ ನೀವೂ ಅಂತೀರಾ ಮೇಷ್ಟ್ರೇ? ನೀವೂ ಕೋಲಾರದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ರಲ್ಲ."

ಕರಪತ್ರ ಓದಿ ಓದಿ ಮೇಷ್ಟ್ರಿಗೂ ಹಾಗೆಯೇ ನೆನಪಾಗಿಬಿಟ್ಟಿತ್ತೆಂದು ನನಗನಿಸುತ್ತದೆ.

2004ರ ಡಿಸೆಂಬರ್ 6, ಸೋಮವಾರ. ಲಾಟ್ ನಾನೂರ ತೊಂಬತ್ತೊಂದು. ಅಂಜಮ್ಮ ನಲವತ್ತು ಚಿಟ್ಟೆ ನೋಡಿದರು. "ರೋಗ ಒಂಬತ್ತು," ಎಂದರು. ಅಷ್ಟು ದೊಡ್ಡ ಸಂಖ್ಯೆಯನ್ನು ನಾನು ಆ ಕೋಠಿಯಲ್ಲಿ ಕೇಳಿದ್ದು ಅದೇ ಮೊದಲು. ಚೀಟಿ ಕಿಂಡಿಗೆ ಹೋಯಿತು. ನಾನೂ ಕೇಳಿದ್ದೆ, ಚೀಟಿ ಹೋಯಿತಲ್ಲ ಎಂದು ನನ್ನ ಸ್ಲೈಡಿಗೆ ತಿರುಗಿದೆ.

ಗಾಜಿನಾಚೆಯವರು ಚೀಟಿಯನ್ನು ಯಂತ್ರಕ್ಕೆ ತುಂಬಿದರು. ಯಂತ್ರ ತನ್ನಲ್ಲಿದ್ದ ಜನವರಿಯ ನಾನೂರ ತೊಂಬತ್ತೊಂದನ್ನು ನೋಡಿಕೊಂಡಿತು. ಆ ಲಾಟಿನಲ್ಲಿ ರೋಗವಿರಲಿಲ್ಲ. ಪರದೆಯ ಮೇಲೆ 'ರೋಗಮುಕ್ತ, ಮಾರಾಟಕ್ಕೆ ಅನುಮತಿ' ಎಂದು ಬಂತು. ಗುರುವಾರ, ಶುಕ್ರವಾರ ಆ ಲಾಟಿನ ಮೊಟ್ಟೆಗಳು ಏಳು ಮನೆಗಳಿಗೆ ಹೋದವು.

ಸುಡಬೇಕಾದ ಹಾಳೆಗಳ ಪಟ್ಟಿಯನ್ನು ಯಂತ್ರ ಪ್ರತಿ ಸೋಮವಾರ ಮುದ್ರಿಸುತ್ತಿತ್ತು; ಪರದೆ ನೋಡಲು ನಮಗೆ ಅನುಮತಿಯಿರಲಿಲ್ಲ, ಆ ಪಟ್ಟಿಗೇ ಕಾಯಬೇಕಿತ್ತು. 13ನೇ ತಾರೀಖಿನ ಪಟ್ಟಿಯನ್ನು ಅಂಜಮ್ಮ ಮೇಲಿಂದ ಕೆಳಕ್ಕೆ, ಮತ್ತೆ ಕೆಳಗಿಂದ ಮೇಲಕ್ಕೆ ನೋಡಿದರು. ನಾನೂರ ತೊಂಬತ್ತೊಂದು ಇರಲಿಲ್ಲ. ಕಪಾಟಿನಲ್ಲಿ ಹಾಳೆಗಳೂ ಇರಲಿಲ್ಲ. ಅವರು ಗಾಜಿನ ಬಾಗಿಲು ತಳ್ಳಿ ಆಚೆ ಹೋಗಿ, ಪರದೆ ನೋಡಿ, "ಏಳನೇದು," ಎಂದಷ್ಟೇ ಹೇಳಿದರು.

ಮೊಟ್ಟೆ ಇಟ್ಟದ್ದು ಡಿಸೆಂಬರ್ 5. ಮರಿಯೊಡೆಯುವುದು 15. ನಮಗಿದ್ದದ್ದು ಎರಡು ದಿನ.

ಏಳರಲ್ಲಿ ಆರು ಮನೆಗಳು ಬೈರಕೂರಿನ ಸುತ್ತಿನವು. ಅಂಜಮ್ಮನನ್ನು ಲಂಗ ಹಾಕಿದ್ದ ಕಾಲದಿಂದ ಕಂಡವರು. ಇಬ್ಬರು ಗೊಣಗಿದರು, ಒಬ್ಬಾಕೆ ಕಣ್ಣೀರು ಹಾಕಿದರು, ಆದರೆ ಆರೂ ಮನೆಯವರು ಅದೇ ಸಂಜೆ ನಮ್ಮ ಕಣ್ಣೆದುರೇ ಹಾಳೆಗಳನ್ನು ಸುಟ್ಟರು. ಏಳನೆಯ ಮನೆ ರಾಯಲ್ಪಾಡಿನ ಚನ್ನರಾಯಪ್ಪರದು.

ಮರುದಿನ ಮೊದಲ ಬಸ್ಸಿಗೆ ಹೊರಟು ಎಂಟು ಗಂಟೆಗೆ ಅಲ್ಲಿದ್ದೆವು. ಅವರದು ಚಾಕಿ ಮನೆ. ನಾಲ್ಕು ಮನೆಗಳ ಮರಿಹುಳುಗಳನ್ನು ಮೊದಲ ಎಂಟು ದಿನ ಅಲ್ಲಿ ಒಟ್ಟಿಗೆ ಸಾಕುತ್ತಿದ್ದರು. ಸಾರಿಸಿದ ನೆಲ, ಬಾಗಿಲಿಗೆ ಸುಣ್ಣದ ಪುಡಿ, ಕತ್ತಲು ಮಾಡಿದ ಕೋಣೆಯಲ್ಲಿ ಕಪ್ಪು ಕಾಗದ ಮುಚ್ಚಿದ ಹಾಳೆಗಳು. ಮೊಟ್ಟೆಗಳ ತುದಿ ಆಗಲೇ ನೀಲಿಗಟ್ಟಿತ್ತು, ಮರಿಯೊಡೆಯುವ ಮುನ್ನಿನ ಗುರುತು.

"ಸುಟ್ಟುಬಿಡು ಚನ್ನರಾಯಪ್ಪ. ನಲವತ್ತಕ್ಕೆ ಒಂಬತ್ತು ಐತೆ. ನನ್ನ ಕಣ್ಣಾರೆ ನೋಡಿದೀನಿ."

ಅವರು ಗೂಡೆಯಿಂದ ಒಂದು ಚೀಟಿ ತಂದರು. ಕಂಪನಿಯ ಗುರುತಿತ್ತು, 'ಲಾಟ್ 491, ರೋಗಮುಕ್ತ' ಎಂದು ಅಚ್ಚಾಗಿತ್ತು.

"ಇದೇನಮ್ಮ ಹಂಗಾದ್ರೆ?"

"ಅದು ತಪ್ಪು."

"ಯಂತ್ರ ತಪ್ಪು, ನೀನು ಸರಿ?" ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೂಟಿಕಿ ಪದಕೊಂಡು ತಪ್ಪು ಅಂತ ಒಪ್ಕೊಂಡೋಳು ನೀನೇ ಅಲ್ವೇನಮ್ಮ? ಇದೂ ಆ ಹನ್ನೊಂದರಾಗೆ ಒಂದಿರ್ಬೋದು. ನಾಲ್ಕು ಮನೆ ಬೆಳೆ ಇದು. ನಿನ್ನ ಮಾತಿಗೆ ಬೆಂಕಿ ಇಕ್ಕಿ, ನಾಳೆ ನಿನ್ನದೇ ತಪ್ಪು ಅಂದ್ರೆ ಅವರ ಮಕ ಹೆಂಗೆ ನೋಡ್ಲಿ?"

ಅಂಜಮ್ಮ ಹೊಸ್ತಿಲ ಮೇಲೆ ಕೂತರು. ತಮ್ಮ ಸ್ಲೈಡುಗಳ ಪುಸ್ತಕ ತೆಗೆದು ತೋರಿಸಿದರು. ನಾನೂ ಹೇಳಿದೆ. ಅವರು ನಮಗೆ ಮಜ್ಜಿಗೆ ಕೊಟ್ಟರು, ಬಸ್ಸಿನ ಹೊತ್ತು ಹೇಳಿದರು. ಹಾಳೆಗಳನ್ನು ಮಾತ್ರ ಕೊಡಲಿಲ್ಲ. ಹನ್ನೊಂದು ಗಂಟೆಯವರೆಗೆ ಕೂತಿದ್ದೆವು. ನಾವು ಹೊರಡುವಾಗ ಅವರ ಸೊಸೆ ಮರಿಗಳಿಗೆಂದು ಎಳೆ ಸೊಪ್ಪು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು.

ಮರಿಗಳು ಬುಧವಾರ ಬೆಳಿಗ್ಗೆ ಒಡೆದವು. ಎಂಟನೆಯ ದಿನ ನಾಲ್ಕು ಮನೆಗಳಿಗೆ ಹಂಚಿಹೋದವು. ಮೂರನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದಾಗ ಕೆಲವು ಹುಳು ದೊಡ್ಡವು, ಕೆಲವು ಚಿಕ್ಕವು. ನಾಲ್ಕನೆಯದು ಕಳೆದಾಗ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ. ಆಮೇಲೆ ಅವು ಸೊಪ್ಪು ಮುಟ್ಟಲಿಲ್ಲ. ನಾಲ್ಕು ಮನೆಗಳಲ್ಲಿ ಒಂದು ಗೂಡೂ ಕಟ್ಟಲಿಲ್ಲ. ಇಲಾಖೆ ಮನೆಗಳಿಗೆ ಬೀಗ ಹಾಕಿಸಿ, ಮದ್ದು ಹೊಡೆಸಿತು. ನಮ್ಮ ಕೋಠಿಯನ್ನೂ ತನಿಖೆ ಮುಗಿಯುವವರೆಗೆ ಮುಚ್ಚಿಸಿತು. ಕಂಪನಿಯ ವಿವರಣೆ ಈ ಸಲ ಮೂರು ಸಾಲು: ಯುಗಾದಿಯಿಂದ ಸಂಖ್ಯೆ ಹಾಕುವುದು ಗ್ರಾಹಕರ ಸ್ವಂತ ಪದ್ಧತಿ; ಪ್ಯಾಕೇಜಿನಲ್ಲಿ ದೋಷವಿಲ್ಲ; ದೋಷಗಳ ಸಂಖ್ಯೆ ಸೊನ್ನೆ. ಅದೇ ವಾರ ಮಾಲೂರಿನಿಂದ ಬಂದ ಗೂಡಿನ ವ್ಯಾಪಾರಿಯೊಬ್ಬರ ಚೀಲದಲ್ಲಿ ಹೊಸ ಕರಪತ್ರವೊಂದು ಇತ್ತು. ಅದರಲ್ಲೂ ಅಂಜಮ್ಮ ಇದ್ದರು, ಹೆಸರಿನ ಸಮೇತ. ನೂರಕ್ಕೆ ಹನ್ನೊಂದು.

ಜನವರಿ 17ರ ಮಧ್ಯಾಹ್ನ ಅಂಜಮ್ಮ ಮುಚ್ಚಿದ ಕೋಠಿಯಲ್ಲಿ ಸ್ಲೈಡುಗಳನ್ನು ತೊಳೆದು ಒರೆಸಿ ಪೆಟ್ಟಿಗೆಗೆ ಜೋಡಿಸುತ್ತಿದ್ದರು. ಯಾರೂ ಹೇಳಿರಲಿಲ್ಲ, ಇನ್ನು ಅವು ಬೇಕಾಗುತ್ತವೆಂಬ ಭರವಸೆಯೂ ಇರಲಿಲ್ಲ. ಅಟ್ಟದಿಂದ ಆ ನಲವತ್ತೊಂದು ಪುಟದ ಹೊತ್ತಗೆಯನ್ನು ಇಳಿಸಿ ಮೇಜಿನ ಮೇಲಿಟ್ಟಿದ್ದರು. ಕೋದಂಡರಾಮಪ್ಪ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು.

ಚನ್ನರಾಯಪ್ಪ ಕಿಟಕಿಯಾಚೆ ಬಂದು ನಿಂತರು. ಒಳಗೆ ಬರಲಿಲ್ಲ. ಮಡಿಕೆಗಳಲ್ಲಿ ಹರಿದುಹೋದ ಆ ಹಳೆಯ ಕರಪತ್ರ ಕೈಯಲ್ಲಿತ್ತು.

"ಅಮ್ಮಾ," ಎಂದರು. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿಟ್ಟರು. ಆಮೇಲೆ, "ಅವತ್ತು ಕೋಲಾರದಾಗೆ ನೀನು ಹನ್ನೊಂದು ಅಂದಿದ್ದು... ಎಷ್ಟಕ್ಕೆ ಹನ್ನೊಂದು ಅಂದಿದ್ದೆ?"

ಹದಿನಾಲ್ಕು ತಿಂಗಳಲ್ಲಿ ಅದನ್ನು ಕೇಳಿದವರು ಅವರೇ ಮೊದಲು. ಅಂಜಮ್ಮ ಕೈಯಲ್ಲಿದ್ದ ಸ್ಲೈಡನ್ನು ಒರೆಸಿ ಮುಗಿಸಿ, ಅದರ ಜಾಗದಲ್ಲಿಟ್ಟು, ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿಕೊಂಡರು. ಖಾಲಿ ಹಜಾರದ ಆ ತುದಿಗೂ ಕೇಳುವಂತೆ ಹೇಳಿದರು:

"ಒಂದು ಲಕ್ಷದ ಹದಿನೆಂಟು ಸಾವಿರದ ನಾನ್ನೂರ ಅರವತ್ತು."